ಹಜ್‌ಗೆ ಮೊದಲು ಜರ್ಟ್ರೂಡ್

ಏಪ್ರಿಲ್ 2, ಬುಧವಾರ. ದೋಹಾ

ಬೆಳಿಗ್ಗೆ ಎಲ್ಲರ ಹತ್ತಿರ ಒಟ್ಟಿಗೆ ಮಾಫ್ ಕೇಳಿ ಮುಗಿಸಿದೆ. ವಾಟ್ಸ್‌ಆ್ಯಪಿನಲ್ಲಿ. “ಇನ್‌ಶಾ ಅಲ್ಲಾಹ್ ನಾನು, ನನ್ನ ಹೆಂಡತಿ ಮುನೀರಾ ಈ ವರ್ಷ ಹಜ್‌ಗೆ ಹೊರಟಿದ್ದೇವೆ. ನಮ್ಮಿಂದ ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಮಾಫ್ ಮಾಡಿ. ಅಬ್ದುಲ್ ಸಲಾಂ, ಬಿನ್ ಮಹಮೂದ್ ಏರಿಯಾ, ದೋಹಾ.” ಬಾಪ ಹೊರಟಾಗ ಒಂದು ತಿಂಗಳು ಮನೆ ಮನೆಗೆ ಹೋಗಿ ಕೈ ಹಿಡಿದು ಕೇಳಿದ್ದರು. ಈಗ ಯಾರಿಗೆ ಪುರುಸೊತ್ತು? ಇನ್ನೂರ ನಲವತ್ತು ಜನಕ್ಕೆ ಒಂದೇ ಒತ್ತು. ಮಧ್ಯಾಹ್ನದೊಳಗೆ ಹೆಬ್ಬೆರಳು, ಹೂವು, ಜೋಡಿಸಿದ ಕೈ, ಎಲ್ಲ ಬಂತು. ಅಲ್ ವುಕೈರ್‌ನಿಂದ ಮುನೀರಾಳ ತಮ್ಮ ತಾಹಿರ್, “ಭಾವ, ನನಗೆ ಕೊಡ್ಲಿಕ್ಕುಂಟಲ್ಲ ಬಿರಿಯಾನಿ, ಅದಕ್ಕೆ ಮಾತ್ರ ಮಾಫ್ ಇಲ್ಲ” ಅಂತ ಬರೆದಿದ್ದಾನೆ. ಅವನೂ ನಮ್ಮದೇ ಗುಂಪಿನಲ್ಲಿ ಹೊರಟವನು.

ಸಂಜೆ ಪಟ್ಟಿ ನೋಡಿದರೆ ಒಂದು ಹೆಸರಿನ ಮುಂದೆ ಒಂದೇ ಗೀಟು. ತಲುಪಿಲ್ಲ. ಜರ್ಟ್ರೂಡ್. ಮೂರು ವರ್ಷ ನನ್ನ ಹೆತ್ತ ಉಮ್ಮನನ್ನು ನೋಡಿಕೊಂಡ ಉಗಾಂಡಾದವಳು. ಉಮ್ಮ ತೀರಿಕೊಂಡ ಮೇಲೆ ಓಡಿಹೋದವಳು. ಓಡಿಹೋದವಳ ಹತ್ತಿರ ನಾನು ಮಾಫ್ ಕೇಳುವುದೆಂತ, ಅವಳೇ ಕೇಳಬೇಕು.

ಏಪ್ರಿಲ್ 4, ಶುಕ್ರವಾರ

ಹಜ್ ಕ್ಲಾಸ್. ಉಸ್ತಾದ್ ಇವತ್ತು ಮನುಷ್ಯರ ಹಕ್ಕಿನ ವಿಷಯ ತೆಗೆದರು. “ಅಲ್ಲಾಹನಿಗೂ ನಿಮಗೂ ನಡುವೆ ಇರುವುದನ್ನು ಅಲ್ಲಾಹ್ ಮಾಫ್ ಮಾಡ್ತಾನೆ. ನಿಮಗೂ ಇನ್ನೊಬ್ಬರಿಗೂ ನಡುವೆ ಇರುವುದನ್ನು ಆ ಇನ್ನೊಬ್ಬರೇ ಮಾಡ್ಬೇಕು. ಹಜ್‌ನ ದಿನ ಅರಫಾ ಮೈದಾನದಲ್ಲಿ ನಿಂತು ಎಷ್ಟು ಅತ್ತರೂ ಅದು ಬೇರೆ ಲೆಕ್ಕ.”

ಕ್ಲಾಸ್ ಮುಗಿದ ಮೇಲೆ ಹತ್ತಿರ ಹೋಗಿ ಕೇಳಿದೆ. ನನ್ನ ಸ್ನೇಹಿತನ ವಿಷಯ ಅಂದೆ. ಅವನ ಕೆಲಸದವಳಿಗೆ ನಾಲ್ಕು ತಿಂಗಳ ಸಂಬಳ ಬಾಕಿ, ಈಗ ಅವಳ ನಂಬರ್ ಹತ್ತುವುದಿಲ್ಲ, ಅವಳ ಹೆಸರಲ್ಲಿ ಬಡವರಿಗೆ ಸದಖ ಕೊಟ್ಟರೆ ಆಗುತ್ತದಾ?

“ಹುಡುಕಿದ್ರಾ ನಿಮ್ಮ ಸ್ನೇಹಿತ?”

“ನಂಬರ್ ಹತ್ತುದಿಲ್ಲ ಉಸ್ತಾದ್.”

“ನಂಬರನ್ನು ಹುಡುಕಿದ್ದು ಆಯ್ತು. ಜನವನ್ನು ಹುಡುಕಿದ್ರಾ?”

ಓಡಿಹೋದಳು ಅಂದರೆ ರಾತ್ರೋರಾತ್ರಿ ಗೋಡೆ ಹಾರಿದಳು ಅಂತ ಅಲ್ಲ. ಅಲ್ ಗರಾಫಾದಲ್ಲಿ ಗೆಳತಿಯ ರೂಮಿಗೆ ಹೋದಳು, ಬರಲಿಲ್ಲ. ಕೆಲಸದವಳು ಮನೆಯಲ್ಲಿಲ್ಲದಿದ್ದರೆ ಸರ್ಕಾರಕ್ಕೆ ಪರಾರಿ ರಿಪೋರ್ಟ್ ಹಾಕಬೇಕು. ನಾನು ಹಾಕಿದೆ. ಹದಿನೆಂಟು ವರ್ಷ ಸರ್ಕಾರಿ ಅರ್ಜಿ ಬರೆದುಕೊಡುವ ಟೈಪಿಂಗ್ ಸೆಂಟರ್ ನಡೆಸಿದವನು ನಾನು, ನನಗೆ ಗೊತ್ತಿಲ್ಲವಾ?

ಏಪ್ರಿಲ್ 6, ಭಾನುವಾರ

ಮುನೀರಾಳಿಗೆ ಹೇಳಿದೆ, ಹೋಗಿ ಬರುತ್ತೇನೆ ಅಂತ.

“ಉಗಾಂಡಾ ಅಂದ್ರೆ ಎಂತ ಕುಂಬಳೆಯಾ, ಬೆಳಿಗ್ಗೆ ಹೋಗಿ ಸಂಜೆ ಬರ್ಲಿಕ್ಕೆ? ನಿಮ್ಗೆ ಮರ್ಲ್ ಹಿಡಿದಿದೆ.” ಮತ್ತೆ, “ಹಜ್‌ನ ದುಡ್ಡು ಮುಟ್ಟುವ ಹಾಗಿಲ್ಲ, ಈಗ್ಲೇ ಹೇಳಿದ್ದೇನೆ” ಅಂದಳು.

ಮುಟ್ಟುವುದಿಲ್ಲ. ಅತಿ ಅಗ್ಗದ ಟಿಕೆಟ್, ಹೋಗುವಾಗ ಒಂದು ಕಡೆ ಹನ್ನೊಂದು ಗಂಟೆ ಕಾಯಬೇಕು. ಜರ್ಟ್ರೂಡಳ ನಾಲ್ಕು ತಿಂಗಳ ಸಂಬಳ ಬೇರೆ ಕವರಿನಲ್ಲಿ. ಉಳಿದದ್ದರಲ್ಲಿ ನನ್ನ ತಿರುಗಾಟ, ದಿನಕ್ಕೆ ಇಪ್ಪತ್ತು ಡಾಲರ್. ಹಳದಿ ಜ್ವರದ ಇಂಜೆಕ್ಷನ್ ಹಾಕಿಸಿದೆ. ಅವಳ ಪಾಸ್‌ಪೋರ್ಟ್ ಕಾಪಿ ಫೈಲಿನಲ್ಲಿತ್ತು. ಹುಟ್ಟಿದ ಊರು ಕಬಾಲೆ. ಕೆಲಸಕ್ಕೆ ಕಳಿಸಿದ ಏಜೆಂಟಿನ ಕಂಪಾಲಾ ವಿಳಾಸವೂ ಉಂಟು. ಎರಡು ದಿನದ ಕೆಲಸ. ಒಂದು ಕಾಗದದ ಮೇಲೆ ಅವಳ ಸಹಿಯನ್ನೂ ತಗೊಂಡು ಬರಬೇಕು. ಸಹಿ ಇದ್ದರೆ ಮನಸ್ಸಿಗೆ ನಿಶ್ಚಿಂತೆ.

ಏಪ್ರಿಲ್ 22, ಮಂಗಳವಾರ. ಕಂಪಾಲಾ

ಏಜೆಂಟಿನ ವಿಳಾಸದಲ್ಲಿ ಈಗ ಹೆಂಗಸರ ತಲೆಕೂದಲು ಹೆಣೆಯುವ ಅಂಗಡಿ. ಕೂತಿದ್ದವರೆಲ್ಲ ನನ್ನನ್ನು ನೋಡಿ ನಕ್ಕರು. ಏಜೆಂಟ್ ಎಲ್ಲಿ ಅಂದರೆ, “ಅವನನ್ನು ನಾವೂ ಹುಡುಕ್ತಾ ಇದ್ದೇವೆ ಮುಯಿಂಡಿ, ಸಿಕ್ಕಿದರೆ ನಮಗೂ ಹೇಳು” ಅಂದಳು ಒಬ್ಬಳು. ಮುಯಿಂಡಿ ಅಂದರೆ ಇಂಡಿಯಾದವನು. ಮಕ್ಕಳು, ಮುದುಕರು, ಪೊಲೀಸ್, ಎಲ್ಲರಿಗೂ ನಾನು ಮುಯಿಂಡಿ. ದೋಹಾದಲ್ಲಿ ನಾವು ಇವರನ್ನೆಲ್ಲ ಕರೆಯುವುದೂ ಹಾಗೇ, ಹೆಸರು ಯಾರು ಕೇಳುತ್ತಾರೆ?

ಊಟ: ಚಪಾತಿಯೊಳಗೆ ಮೊಟ್ಟೆ ಸುತ್ತಿದ್ದು, ರಸ್ತೆ ಬದಿಯದು. ಅಗ್ಗ. ಲಾಡ್ಜಿನ ಬಾಗಿಲಿಗೆ ಚಿಲಕ ಇಲ್ಲ, ಕುರ್ಚಿ ಅಡ್ಡ ಇಟ್ಟಿದ್ದೇನೆ. ಕವರ್ ಬನಿಯನ್ನಿನೊಳಗೆ.

ಏಪ್ರಿಲ್ 23, ಬುಧವಾರ

ಹೊಟ್ಟೆ ಕೆಟ್ಟಿತು. ಇಡೀ ದಿನ ಮಲಗಿದ್ದೆ. ಮಳೆ. ಯಾಕೆ ಬಂದೆ?

ಏಪ್ರಿಲ್ 24, ಗುರುವಾರ. ಎಂಬರಾರಾ

ಕಬಾಲೆಯ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟಿತು. ಕೆಂಪು ಕೆಸರಿನಲ್ಲಿ ಮೂರು ಗಂಟೆ. ಕೊನೆಗೆ ಇಲ್ಲಿಗೆ ಒಂದು ವ್ಯಾನ್ ಬಂತು, ಹದಿನಾಲ್ಕು ಸೀಟಿಗೆ ಇಪ್ಪತ್ತೊಂದು ಜನ, ಎರಡು ಕೋಳಿ. ಒಂದು ಕೋಳಿ ನನ್ನ ಮಡಿಲಲ್ಲೇ. ಲಾಡ್ಜಿಗೆ ಹಣ ಕೊಡಲು ಮನಸ್ಸಾಗಲಿಲ್ಲ. ಕವರಿನಿಂದ ಒಂದು ನೋಟು ತೆಗೆದು ಆಮೇಲೆ ಹಾಕಿದರಾಯಿತು ಅಂತ ಒಂದು ಕ್ಷಣ ಅನ್ನಿಸಿತು. ಛೀ. ಮಸೀದಿಗೆ ಬಂದೆ. ಇಲ್ಲಿ ಬಾಂಗ್ ಕೊಡುವ ಮುಅಝ್ಝಿನ್ ಒಂದು ಚಾಪೆ ಕೊಟ್ಟು, ಎಲ್ಲಿಗೆ ಅಂತ ಕೇಳಿದರು. ಹಜ್‌ಗೆ ಮೊದಲು ಒಬ್ಬಳನ್ನು ಕಾಣಲಿಕ್ಕುಂಟು ಅಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, “ಈ ಕಾಲದಲ್ಲಿ ಇಷ್ಟು ದೂರ ಯಾರು ಬರ್ತಾರೆ? ನೀವು ಒಳ್ಳೆ ಮನುಷ್ಯ” ಅಂದರು.

ಆ ಮಾತು ಕೇಳಿದ ಮೇಲೆ ಚಾಪೆ ಮೂಲೆಗೆ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಲ್ ಗರಾಫಾಕ್ಕೆ ಅವಳು ತಾನಾಗಿ ಹೋದದ್ದಲ್ಲ. ನಾನೇ ಹೋಗು ಅಂದದ್ದು. ಉಮ್ಮ ತೀರಿಕೊಂಡು ಎಂಟು ದಿನ ಆಗಿತ್ತು, ಮನೆ ತುಂಬ ಜನ. “ನೆಂಟರಿದ್ದಾರೆ, ಒಂದು ವಾರ ನಿನ್ನ ಗೆಳತಿಯ ಹತ್ತಿರ ಇರು, ನಾನು ಫೋನ್ ಮಾಡ್ತೇನೆ” ಅಂದೆ. ಫೋನ್ ಮಾಡಲಿಲ್ಲ. ಅವಳು ಮಾಡಿದಾಗ ಎತ್ತಲಿಲ್ಲ. ಊರಿಗೆ ಕಳಿಸುವುದಾದರೆ ಟಿಕೆಟ್ ನನ್ನ ತಲೆ ಮೇಲೆ, ನಾಲ್ಕು ತಿಂಗಳ ಸಂಬಳ, ಮೂರು ವರ್ಷದ ಸರ್ವಿಸಿನ ಲೆಕ್ಕ. ಓಡಿಹೋದವಳಿಗೆ ಅದು ಯಾವುದೂ ಕೊಡಬೇಕಾಗಿಲ್ಲ. ಅಷ್ಟೆ.

ಏಪ್ರಿಲ್ 25, ಶುಕ್ರವಾರ. ಕಬಾಲೆ

ಚಳಿ. ಆಫ್ರಿಕಾದಲ್ಲಿ ಸ್ವೆಟರ್ ಬೇಕು ಅಂತ ಯಾರೂ ಹೇಳಿರಲಿಲ್ಲ. ಸುತ್ತ ಗುಡ್ಡಗಳು, ಬುಡದಿಂದ ತುದಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ.

ಇಗರ್ಜಿಯ ಆಫೀಸಿಗೆ ಹೋದೆ. ಅಲ್ಲಿಯ ಫ್ಲೇವಿಯಾ ಎಂಬ ಹೆಂಗಸು ಕನ್ನಡಕದ ಮೇಲಿಂದ ನೋಡಿ, “ಗಲ್ಫಿಗೆ ಹೋದ ಜರ್ಟ್ರೂಡಾ? ಯಾವ ಜರ್ಟ್ರೂಡ್? ನನ್ನ ಹತ್ರ ಏಳು ಜನ ಇದ್ದಾರೆ” ಅಂದಳು. ಏಳರಲ್ಲಿ ಇಬ್ಬರು ತಿರುಗಿ ಬಂದಿಲ್ಲ, ಒಬ್ಬಳು ಪೆಟ್ಟಿಗೆಯಲ್ಲಿ ಬಂದಳು. ಅದನ್ನು ಅವಳು ಮಾಮೂಲಿ ಸ್ವರದಲ್ಲಿ ಹೇಳಿದಳು. ಪಾಸ್‌ಪೋರ್ಟ್ ಕಾಪಿ ತೋರಿಸಿದೆ. “ಓ ಇವಳಾ, ಬದುಕಿದ್ದಾಳೆ. ಬಟಾಟೆ ಬೆಳೀತಾಳೆ. ಗುಡ್ಡದ ಆಚೆ ಕಡೆ.”

ಅಲ್‌ಹಮ್ದುಲಿಲ್ಲಾಹ್. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತೆ. ಅವಳು ಬದುಕಿದ್ದಾಳೆ ಅಂತಲೋ ನನ್ನ ಕೆಲಸ ಆಗುತ್ತದೆ ಅಂತಲೋ ನನಗೇ ಗೊತ್ತಿಲ್ಲ.

ಏಪ್ರಿಲ್ 26, ಶನಿವಾರ

ಡೇವಿಡ್ ಎಂಬವನ ಬೈಕು. ಇಲ್ಲಿ ಬಾಡಿಗೆ ಬೈಕೇ ಆಟೊ. ಹತ್ತುವಾಗಲೇ ಕೇಳಿದ, “ಮುಯಿಂಡಿ, ನೀನು ಹುಡುಗಿಯರನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದವನಾ, ವಾಪಸ್ ಬಿಡ್ಲಿಕ್ಕೆ ಬಂದವನಾ?” ಎರಡೂ ಅಲ್ಲ ಅಂದೆ. “ಹಾಗಾದ್ರೆ ಬಾಡಿಗೆ ಜಾಸ್ತಿ” ಅಂತ ನಕ್ಕ. ಜಾರಿ ಜಾರಿ ನಲವತ್ತು ನಿಮಿಷ. ಕೊನೆಯ ಏರು ನಡೆದೇ ಹತ್ತಿದೆ.

ಅವಳು ಗದ್ದೆಯಲ್ಲಿದ್ದಳು. ನನ್ನನ್ನು ನೋಡಿ ಗುದ್ದಲಿ ಬಿಟ್ಟಳು. “ಬಾಬಾ!” ಗಲ್ಫಿನಲ್ಲಿ ಮನೆ ಯಜಮಾನನನ್ನು ಕರೆಯುವುದೇ ಹಾಗೆ. ಓಡಿ ಬಂದಳು, ಕೈಯ ಮಣ್ಣು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಬೈಗುಳಕ್ಕೆ ತಯಾರಾಗಿ ಬಂದಿದ್ದೆ. ಅವಳು ಮೊದಲು ಕೇಳಿದ್ದು, “ಮಾಮಾ ಆಯಿಷಮ್ಮನ ಕಬರಿಗೆ ಹೋಗ್ತೀರಲ್ಲ?” ಅಂತ. ನನ್ನ ಉಮ್ಮನನ್ನು ಅವಳು ಕರೆಯುತ್ತಿದ್ದದ್ದು ಹಾಗೆ. ಹೋಗ್ತೇನೆ ಅಂದೆ. ಎರಡು ವರ್ಷ ಆಯಿತು ಹೋಗದೆ.

ನೆರೆಯವರೆಲ್ಲ ಬಂದರು. ಅವರಿಗೆ ಅವಳ ಭಾಷೆಯಲ್ಲಿ ಏನೋ ಹೇಳಿ, ನನಗೆ ಇಂಗ್ಲಿಷಿನಲ್ಲಿ ಹೇಳಿದಳು: “ನಾನು ಯಾವಾಗ್ಲೂ ಹೇಳ್ತಿದ್ದೆ, ನನ್ನ ಬಾಬಾ ಬರ್ತಾರೆ ಅಂತ. ಇವ್ರು ನಗಾಡ್ತಿದ್ರು.” ಜೋಳದ ಗಂಜಿಯಂಥದು ಒಂದು ಮಗ್ ತುಂಬ ತಂದುಕೊಟ್ಟಳು. ನಾನು ಮೂಸಿ ನೋಡಿದೆ. “ಕುಡೀರಿ ಬಾಬಾ, ಹಲಾಲ್” ಅಂತ ನಕ್ಕಳು.

ಅಲ್ ಗರಾಫಾದಲ್ಲಿ ಬಸ್‌ಸ್ಟಾಪಿನ ಹತ್ತಿರ ಪೊಲೀಸರು ಅವಳನ್ನು ಹಿಡಿದದ್ದು. ನಲವತ್ತಮೂರು ದಿನ ಜೈಲಿನೊಳಗೆ, ಆಮೇಲೆ ಊರಿಗೆ ಅಟ್ಟಿದ್ದು. “ಅಲ್ಲಿ ಅವ್ರು ಹೇಳಿದ್ರು, ನಿನ್ನ ಬಾಬಾನೇ ರಿಪೋರ್ಟ್ ಬರೆದದ್ದು ಅಂತ. ಹೆದರಿಸ್ಲಿಕ್ಕೆ ಎಲ್ಲರಿಗೂ ಹಾಗೇ ಹೇಳ್ತಾರೆ. ನಾನು ನಂಬ್ಲಿಲ್ಲ. ಏನೋ ಕಂಪ್ಯೂಟರ್ ತಪ್ಪು, ನನ್ನ ಬಾಬಾಗೆ ಪೇಪರ್ ಕೆಲಸ ಗೊತ್ತುಂಟು, ಈಗ ಬರ್ತಾರೆ ನೋಡಿ ಅಂತ ಹೇಳ್ತಿದ್ದೆ.” ಆ ನಲವತ್ತಮೂರು ದಿನದಲ್ಲೇ ಇಲ್ಲಿ ಅವಳ ಅಮ್ಮ ತೀರಿಕೊಂಡಿದ್ದಾಳೆ. ಮಣ್ಣು ಮಾಡುವಾಗ ಮನೆಯವರು ಅಂತ ಇದ್ದದ್ದು ಜರ್ಟ್ರೂಡಳ ಮಗಳು ಬೆನಿಟಾ ಒಬ್ಬಳೇ, ಆಗ ಹನ್ನೆರಡು ವರ್ಷ. ಆ ಬೆನಿಟಾ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಶಾಲೆ ಬಿಟ್ಟಿದ್ದಾಳೆ.

ನಾನು ಕವರ್ ಕೊಟ್ಟೆ. ಮಾಫ್ ಮಾಡು ಅಂದೆ.

“ಎಂತಕ್ಕೆ? ಬರ್ಲಿಕ್ಕೆ ತಡವಾದದ್ದಕ್ಕಾ? ನಿಮ್ಮ ಅಮ್ಮ ಹೋದ ಸಮಯ, ನಿಮ್ಮ ತಲೆ ನಿಮ್ಮ ಹತ್ರ ಇರ್ಲಿಲ್ಲ. ಅದನ್ನು ನಾನು ಆಗ್ಲೇ ಬಿಟ್ಟಿದ್ದೇನೆ.”

ಕಾಗದಕ್ಕೆ ಸಹಿಯನ್ನೂ ಹಾಕಿದಳು. ಚೆಂದದ ಅಕ್ಷರ.

ಏಪ್ರಿಲ್ 27, ಭಾನುವಾರ. ಕಬಾಲೆ ಬಸ್‌ಸ್ಟ್ಯಾಂಡ್

ಸಿಕ್ಕಿತು. ಖಲಾಸ್. ಹತ್ತು ಗಂಟೆಯ ಬಸ್ಸು, ನಾಡಿದ್ದು ವಿಮಾನ. ಬಸ್ಸಿನ ಖರ್ಚು ಕಳೆದು ಕೈಯಲ್ಲಿ ಹದಿನೆಂಟು ಡಾಲರ್ ಉಳಿಯುತ್ತದೆ. ಮುನೀರಾಳಿಗೆ ಮೆಸೇಜ್ ಹಾಕಿದೆ, ಆಯಿತು ಅಂತ.

ಆ ರಿಪೋರ್ಟ್ ಟೈಪ್ ಮಾಡಿದ್ದು ಅವಳು ಗರಾಫಾಕ್ಕೆ ಹೋದ ಮೇಲಲ್ಲ. ಹಿಂದಿನ ದಿನ. ಬೆಳಿಗ್ಗೆ ಅಂಗಡಿಗೆ ಹೋಗಿ ಕೂತು, ಮರುದಿನದ ತಾರೀಕು ಹಾಕಿ, ‘ಕಾರಣವಿಲ್ಲದೆ ಮನೆ ಬಿಟ್ಟು ಪರಾರಿಯಾಗಿದ್ದಾಳೆ’ ಅಂತ ಬರೆದೆ. ಆ ಹೊತ್ತಿಗೆ ಅವಳು ನನ್ನ ಅಡುಗೆಮನೆಯಲ್ಲಿ ಉಮ್ಮನ ಮರಣಕ್ಕೆ ಬಂದವರ ಚಾ ಲೋಟ ತೊಳೆಯುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಹೋದಾಗ ನನಗೆ ಬಡಿಸಿದ್ದೂ ಅವಳೇ.

ಅವಳು ಮಾಫ್ ಮಾಡಿದ್ದು ತಡವಾಗಿ ಬಂದವನನ್ನು. ಟೈಪ್ ಮಾಡಿದವನನ್ನಲ್ಲ. ಸಹಿ ಬೇರೆ ಯಾರದೋ ಕಾಗದಕ್ಕೆ ಬಿದ್ದ ಹಾಗಾಯಿತು.

ಬಸ್ಸು ಬಂತು. ಕಂಡಕ್ಟರ್ ಬಾಗಿಲು ಬಡಿದು ಕರೆಯುತ್ತಿದ್ದಾನೆ. ಹತ್ತಬೇಕು.

ಅದೇ ದಿನ, ಸಂಜೆ

ಹತ್ತಲಿಲ್ಲ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಡೇವಿಡ್‌ನನ್ನು ಹುಡುಕಿ ಮತ್ತೆ ಗುಡ್ಡಕ್ಕೆ ಹೋದೆ. ಅವಳು ಇಗರ್ಜಿಯ ಪೂಜೆ ಮುಗಿಸಿ ಆಗ ತಾನೇ ಬಂದಿದ್ದಳು, ಒಳ್ಳೆ ಬಟ್ಟೆಯಲ್ಲಿದ್ದಳು. ಏನಾದರೂ ಮರೆತುಹೋಯಿತಾ ಅಂತ ಕೇಳಿದಳು. ನಿಂತಲ್ಲೇ ಹೇಳಿದೆ. ಕಂಪ್ಯೂಟರ್ ತಪ್ಪಲ್ಲ, ನಾನೇ ಬರೆದದ್ದು, ನೀನು ಹೋಗುವುದಕ್ಕೂ ಹಿಂದಿನ ದಿನ. ಕೂತು ಹೇಳುವಷ್ಟೂ ಧೈರ್ಯ ಇರಲಿಲ್ಲ.

“ಹಿಂದಿನ ದಿನ ನಾನು ಮನೆಯಲ್ಲೇ ಇದ್ದೆ” ಅಂದಳು.

“ಹೌದು.”

“ನಾನು ಇದ್ದೆ ಬಾಬಾ. ನಿಮ್ಗೆ ಮೀನು ಬೇಡ ಅಂತ ಬೇರೆ ಅಡುಗೆ ಮಾಡಿದ್ದೆ.”

“ಹೌದು.”

ಅವಳು ಜಗಲಿಯಲ್ಲಿ ಕೂತಳು. ತಲೆ ತಗ್ಗಿಸಿ ಕಾಲಿನ ಚಪ್ಪಲಿ ಬಿಚ್ಚತೊಡಗಿದಳು. ನಾನು ಮತ್ತೆ ಮಾಫ್ ಅಂದೆ. ಹಜ್‌ಗೆ ಹೋಗಲಿಕ್ಕುಂಟು, ನೀನು ಮಾಡದೆ ಆಗುವುದಿಲ್ಲ ಅಂದೆ. ಆಗ ತಲೆ ಎತ್ತಿದಳು.

“ಅಲ್ಲಿ ಒಳಗೆ ಎಲ್ಲಾ ಹುಡುಗಿಯರೂ ಅವರವರ ಮನೆಯವ್ರಿಗೆ ಶಾಪ ಹಾಕ್ತಿದ್ರು. ನಾನೊಬ್ಳೇ ಹಾಕ್ಲಿಲ್ಲ. ಗಲ್ಫಿಂದ ನಾನು ತಂದದ್ದು ಅಂತ ಇದ್ದದ್ದು ಅದೊಂದೇ, ನಾನು ಇದ್ದದ್ದು ಒಳ್ಳೆ ಮನೆಯಲ್ಲಿ ಅಂತ. ಅದನ್ನೂ ತಗೊಂಡು ಹೋಗ್ಲಿಕ್ಕೆ ಇಷ್ಟು ದೂರ ಬಂದ್ರಾ?”

ಬೆನಿಟಾ ಬಂದು ಅಮ್ಮನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ನಾನು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದೆ. ಕೋಳಿಗಳು ಓಡಾಡುತ್ತಿದ್ದವು. ಕವರ್ ವಾಪಸ್ ಕೊಡಲಿಲ್ಲ, ಅದೊಂದು ಒಳ್ಳೆಯದಾಯಿತು.

ಡೇವಿಡ್ ಇಳಿಯುವಾಗ ತಮಾಷೆ ಮಾಡಲಿಲ್ಲ. ಬಾಡಿಗೆ ಅರ್ಧ ಸಾಕು ಅಂದ. ನಾನು ಪೂರ್ತಿ ಕೊಟ್ಟೆ.

ಮೇ 1, ಗುರುವಾರ. ದೋಹಾ

ಎರಡು ದಿನ ಬರೀ ನೀರು, ಬಾಳೆಹಣ್ಣು. ಹೇಗೋ ಬಂದು ಮುಟ್ಟಿದೆ.

ಮುನೀರಾ ಹಜ್‌ನ ಬ್ಯಾಗು ಕಟ್ಟುತ್ತಿದ್ದಳು. “ಮಾಫ್ ಸಿಕ್ಕಿತಲ್ಲ, ಇನ್ನೆಂತ ಮುಖ ಹಾಗೆ?”

“ಸಿಕ್ಕಿತ್ತು. ವಾಪಸ್ ಕೊಟ್ಟು ಬಂದೆ.”

ಎಲ್ಲ ಹೇಳಿದೆ. ಹಿಂದಿನ ದಿನದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಮೊದಲು, “ತಾಹಿರ್‌ನತ್ರ ಹೇಳ್ಬೇಡಿ. ಯಾರತ್ರವೂ ಹೇಳ್ಬೇಡಿ” ಅಂದಳು. ಬಟ್ಟೆ ಮಡಚುತ್ತಲೇ ಇದ್ದಳು. ಮಡಚಿದ್ದನ್ನೇ ಬಿಚ್ಚಿ ಪುನಃ ಮಡಚಿದಳು. ಆಮೇಲೆ, “ಒಂದು ವಾರಕ್ಕೆ ಎರಡು ಜೊತೆ ಸಾಕು ಅಂತ ಅವಳ ಬ್ಯಾಗು ನಾನೇ ಕಟ್ಟಿ ಕೊಟ್ಟದ್ದು. ಉಳಿದದ್ದನ್ನೆಲ್ಲ ಆಮೇಲೆ ನಾನೇ ಬಿಸಾಡಿದ್ದು” ಅಂದಳು.

ಮೇ 9, ಶುಕ್ರವಾರ

ಉಸ್ತಾದರಿಗೆ ಇವತ್ತು ಸ್ನೇಹಿತ ಅನ್ನಲಿಲ್ಲ, ನಾನು ಅಂದೆ. ಅವರು ನೆಲ ನೋಡಿಕೊಂಡು ಕೇಳಿಸಿಕೊಂಡು ಹೇಳಿದರು: “ನಿಮ್ಮಿಂದ ಆದದ್ದು ಮಾಡಿದ್ದೀರಿ. ಹೋಗಿ, ಅಲ್ಲಿ ಅವಳಿಗಾಗಿಯೂ ದುಆ ಮಾಡಿ. ಅಲ್ಲಾಹ್ ರಹೀಂ.”

ಅಲ್ಲಾಹ್ ರಹೀಂ. ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ಬಾಗಿಲ ಹೊರಗೆ ನಿಂತಲ್ಲಿಂದ ನನ್ನ ಕಾಲು ಇನ್ನೂ ಕಿತ್ತು ಬಂದಿಲ್ಲ. ಗುಂಪಿನವರಿಗೆ ಫೋನ್ ಮಾಡಿ ನನ್ನ ಹೆಸರು ತೆಗೆಯಿರಿ ಅಂದೆ. ಮುನೀರಾ ತಮ್ಮನ ಜೊತೆ ಹೋಗಲಿ. ಕಾರಣ ಕೇಳಿದರು. ಬಿ.ಪಿ. ಅಂದೆ. ಅದೂ ಸುಳ್ಳು.

ಮೇ 18, ಭಾನುವಾರ

ಅಂಗಡಿಯಲ್ಲಿ ಜನ ಕಮ್ಮಿ. ಹನ್ನೊಂದು ಗಂಟೆಗೆ ಒಬ್ಬ ಬಂದ. ಅಂಗಿ ಇಸ್ತ್ರಿ ಹಾಕಿದವನು, ನಮ್ಮ ಕಡೆಯವನೇ. ಪಾಸ್‌ಪೋರ್ಟ್ ಕಾಪಿ ಟೇಬಲ್ ಮೇಲಿಟ್ಟು, “ಮನೆಕೆಲಸದವಳು ಓಡಿಹೋಗಿದ್ದಾಳೆ, ರಿಪೋರ್ಟ್ ಹಾಕ್ಬೇಕು ಮಾರಾಯ್ರೆ, ಸ್ವಲ್ಪ ಅರ್ಜೆಂಟ್” ಅಂದ.

“ಈಗ ಅವಳು ಎಲ್ಲಿದ್ದಾಳೆ?” ಅಂತ ಕೇಳಿದೆ.

ಇಂಥ ಪ್ರಶ್ನೆ ಅವನಿಗೆ ಹೊಸತು. ಆ ಕುರ್ಚಿಯಲ್ಲಿ ಕೂತ ಯಾರನ್ನೂ ನಾನು ಕೇಳಿದ್ದಿಲ್ಲ. “ಮನೆಯಲ್ಲಿ, ಮಗುವಿಗೆ ಊಟ...” ಅಂತ ಶುರು ಮಾಡಿ ನಿಲ್ಲಿಸಿದ. “ನಿಮ್ಗೆ ಎಂತಕ್ಕೆ ಅದೆಲ್ಲ? ಟೈಪ್ ಮಾಡಿ.”

“ಆಗುದಿಲ್ಲ.”

“ಸಿಸ್ಟಮ್ ಡೌನಾ?”

“ಇಲ್ಲ. ನಾನು ಮಾಡುದಿಲ್ಲ.”

ನನ್ನನ್ನು ಮೇಲೆ ಕೆಳಗೆ ನೋಡಿದ. ಕಾಪಿ ಎತ್ತಿಕೊಂಡು ಪಕ್ಕದ ಸೆಂಟರಿಗೆ ಹೋದ. ಅದು ಅಕ್ಷಿತನದು. ಗಾಜಿನ ಆಚೆ ಕಾಣುತ್ತಿತ್ತು. ಅವನು ಕೂತ, ಅಕ್ಷಿತ್ ಹೆಸರು, ನಂಬರು, ತಾರೀಕು ಒತ್ತಿದ, ಪ್ರಿಂಟರಿನಿಂದ ಕಾಗದ ಬಂತು. ಎರಡು ನಿಮಿಷ ಕೂಡ ಆಗಿರಲಿಕ್ಕಿಲ್ಲ. ಉಳಿದ ಒಕ್ಕಣೆಯನ್ನು ಅವನು ಟೈಪ್ ಮಾಡಬೇಕಾಗಿಲ್ಲ, ಅದು ಅವನ ಕಂಪ್ಯೂಟರಿನಲ್ಲಿ ತಯಾರಾಗಿ ಉಂಟು. ಆರು ವರ್ಷದ ಹಿಂದೆ ಅವನು ಹೊಸದಾಗಿ ಅಂಗಡಿ ತೆರೆದಾಗ, ಅರಬಿ ಸರಿಯಾಗಿ ಬರುವುದಿಲ್ಲ ಸಲಾಮಣ್ಣ, ಒಂದು ಸ್ಯಾಂಪಲ್ ಕೊಡಿ ಅಂತ ಕೇಳಿದ್ದ. ನಾನೇ ಬರೆದುಕೊಟ್ಟದ್ದು.